ಅರಂಚೀನಿ: ಅನ್ನ ಆರಲಿ, ಆಮೇಲೆ ಉಂಡೆ

ಅರಂಚೀನಿ ಅಂದರೆ ಇಟಲಿಯ ಸಿಸಿಲಿ ದ್ವೀಪದ, ಹೂರಣ ತುಂಬಿ ಕರಿದ ಅನ್ನದ ಉಂಡೆ. ಇದಕ್ಕೆ ಬಾಸುಮತಿ ಬೇಡವೇ ಬೇಡ. ಅನ್ನ ಉದುರುದುರಾದರೆ ಉಂಡೆ ನಿಲ್ಲುವುದಿಲ್ಲ. ಗಿಡ್ಡ ಕಾಳಿನ, ಅಂಟು ಜಾಸ್ತಿ ಇರುವ ಅಕ್ಕಿ ತನ್ನಿ. ಅಲ್ಲಿಯವರು ಅರ್ಬೋರಿಯೋದಂಥ ಅಕ್ಕಿಗೆ ಕೇಸರಿ ಹಾಕಿ, ಗಂಜಿ ಬಸಿಯದೆ, ನೀರೆಲ್ಲ ಇಂಗುವ ಹಾಗೆ ಬೇಯಿಸುತ್ತಾರೆ. ಬಿಸಿ ಇರುವಾಗಲೇ ಬೆಣ್ಣೆ, ತುರಿದ ಚೀಸ್ ಕಲಸುತ್ತಾರೆ.

ಅವಸರದವರು ಕೆಡಿಸುವುದು ಇದಾದ ಮೇಲೆ. ಅನ್ನ ಪೂರ್ತಿ ತಣ್ಣಗಾಗಬೇಕು. ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಬಿಸಿ ಹೋದ ಕೂಡಲೇ ಮುಚ್ಚಿ ಫ್ರಿಜ್ಜಿನಲ್ಲಿಡಿ. ಆರಲಿ ಅಂತ ರಾತ್ರಿಯಿಡೀ ಹೊರಗೆ ಬಿಡಬೇಡಿ. ಅನ್ನದಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾ ಬಿಡುವ ವಿಷ, ಆಮೇಲೆ ಕರಿದರೂ ಹೋಗುವುದಿಲ್ಲ.

ಹೂರಣಕ್ಕೆ ಖೀಮಾ, ಟೊಮ್ಯಾಟೊ, ಬಟಾಣಿ ಹಳೇ ಪದ್ಧತಿ. ಸಸ್ಯಾಹಾರಿಗಳು ಸಿಸಿಲಿಯ ಕತಾನಿಯಾ ಊರಿನವರ ಹಾಗೆ ಬದನೆಕಾಯಿ ಹುರಿದು, ಟೊಮ್ಯಾಟೊ ಜೊತೆ ಬೇಯಿಸಿಕೊಳ್ಳಿ. ಯಾವುದೇ ಆಗಲಿ, ಗಟ್ಟಿಯಾಗಿರಲಿ. ನೀರಾದರೆ ಬಾಣಲೆಯಲ್ಲೇ ಒಡೆಯುತ್ತದೆ. ಅಂಗೈ ಒದ್ದೆ ಮಾಡಿಕೊಂಡು ಒಂದು ಹಿಡಿ ಅನ್ನ ತಟ್ಟಿ, ಹೆಬ್ಬೆರಳಲ್ಲಿ ಗುಳಿ ಮಾಡಿ, ಹೂರಣ ತುಂಬಿ, ಸಂದಿಲ್ಲದಂತೆ ಮುಚ್ಚಿ. ಸಿಸಿಲಿಯದೇ ಇನ್ನೊಂದು ಊರು ಪಲೆರ್ಮೊದಲ್ಲಿ ಉಂಡೆ ಗುಂಡಗೆ. ಕತಾನಿಯಾದಲ್ಲಿ ತುದಿ ಚೂಪು, ಎಟ್ನಾ ಬೆಟ್ಟದ ಹಾಗೆ ಅಂತಾರೆ. ಡಿಸೆಂಬರ್ 13ರ ಸಂತ ಲೂಸಿಯಾ ಹಬ್ಬಕ್ಕೆ ಪಲೆರ್ಮೊದವರು ಬ್ರೆಡ್, ಪಾಸ್ತಾ ಬಿಟ್ಟು ಇದನ್ನೇ ತಿನ್ನುತ್ತಾರೆ. ನಮ್ಮ ಏಕಾದಶಿಗೆ ಉಲ್ಟಾ ನೋಡಿ, ಗೋಧಿ ಹಿಟ್ಟಿನದು ಬಿಟ್ಟು ಅನ್ನ! ಆದರೆ ಉಂಡೆಯ ಮೇಲೆ ಹಚ್ಚುವ ಬ್ರೆಡ್ ಪುಡಿಯನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಂಡ ಹಾಗಿಲ್ಲ.

ಮೈದಾ ನೀರಿನ ಹಿಟ್ಟಿನಲ್ಲಿ ಅದ್ದಿ, ಬ್ರೆಡ್ ಪುಡಿಯಲ್ಲಿ ಹೊರಳಿಸಿ. ಎಣ್ಣೆ 170ರಿಂದ 180 ಡಿಗ್ರಿ ಕಾಯಲಿ. ಚಿಟಿಕೆ ಬ್ರೆಡ್ ಪುಡಿ ಹಾಕಿದರೆ ತಕ್ಷಣ ಚುರುಗುಟ್ಟಬೇಕು. ಕಾಯದ ಎಣ್ಣೆಗೆ ಬಿಟ್ಟರೆ ಉಂಡೆ ಎಣ್ಣೆ ಕುಡಿಯುತ್ತದೆ. ಒಂದೇ ಸಲ ತುಂಬ ಹಾಕಿದರೂ ಅದೇ ಕಥೆ.

ಇನ್ನು ಪೋಷಣೆ. 100 ಗ್ರಾಂ ಬರೀ ಅನ್ನದಲ್ಲೇ ಸುಮಾರು 130 ಕ್ಯಾಲೊರಿ, ಪ್ರೋಟೀನ್ 3 ಗ್ರಾಂಗಿಂತ ಕಮ್ಮಿ. ಮೇಲೆ ಬೆಣ್ಣೆ, ಚೀಸ್, ಎಣ್ಣೆ ಬೇರೆ. ಹಗುರ ತಿಂಡಿ ಅಂತ ಸುಮ್ನೆ ಹೇಳಲಾರೆ. ಬಟಾಣಿ ಧಾರಾಳವಾಗಿ ಹಾಕಿದರೆ ಪ್ರೋಟೀನ್, ನಾರು ಎರಡೂ ಸ್ವಲ್ಪ ಏರುತ್ತದೆ. ಕಾಫಿ ಜೊತೆ ಮೂರು ನಾಲ್ಕು ಬಾಯಿಗೆ ಹಾಕಿಕೊಳ್ಳುವ ಬೋಂಡಾ ಅಲ್ಲ ಇದು. ದೊಡ್ಡದು ಒಂದು, ಪಕ್ಕಕ್ಕೆ ಸೌತೆಕಾಯಿ ಟೊಮ್ಯಾಟೊ ಹೋಳು ಇದ್ದರೆ ಮಧ್ಯಾಹ್ನದ ಊಟವೇ ಆಯಿತು ಅಲ್ವಾ? ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು ಮರುದಿನ ಓವನ್‌ನಲ್ಲಿ ಒಳಗಿನ ತನಕ ಬಿಸಿ ಮಾಡಿ. ಮೈಕ್ರೊವೇವ್‌ನಲ್ಲಿಟ್ಟರೆ ಗರಿಗರಿ ಹೋಗಿ ಮೆತ್ತಗಾಗುತ್ತದೆ.