ಪಿಟ್ ತುಂಬಿದ ಮೇಲೆ ಡಯಲ್ ಹಾಕಿ

ಅರಬ್ಬಿ ಸಮುದ್ರದ ತೈಲಕ್ಷೇತ್ರ ಮುಂಬೈ ಹೈನಲ್ಲಿ ನಿಂತಿದ್ದ ಒಂದು ಜಾಕ್-ಅಪ್ ರಿಗ್, ಅಂದರೆ ಸಮುದ್ರದಲ್ಲಿ ಕಾಲೂರಿ ನಿಂತು ಬಾವಿ ಕೊರೆಯುವ ವೇದಿಕೆ. ಅದರ ಪಂಪ್ ರೂಮಿನಲ್ಲಿ ಹೊಸ ಚಾರ್ಜ್ ಪಂಪ್ ಕೂರಿಸುವ ಕೆಲಸ. ಬಾವಿ ಕೊರೆಯುವಾಗ ಒಳಗೆ ಬಿಡುವ ಕೆಸರು, ಅಂದರೆ ಮಡ್, ಅದನ್ನು ದೊಡ್ಡ ಪಂಪಿಗೆ ಊಡಿಸುವ ಪಂಪು ಇದು. 8×6 ಪಂಪು, 100 ಎಚ್‌ಪಿ ಮೋಟಾರು. ನಾನು ಕೆಲಸಕ್ಕೆ ಸೇರಿ ಏಳೆಂಟು ತಿಂಗಳಾಗಿತ್ತು ಅಷ್ಟೇ. ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಓದಿದವನು. ಅದುವರೆಗೆ ಸಮುದ್ರ ನೋಡಿದ್ದು ಕಾರವಾರಕ್ಕೆ ಟೂರ್ ಹೋದಾಗ ಒಮ್ಮೆ. ಸಂಬಳ 22 ಸಾವಿರ, ಕಡಲಲ್ಲಿದ್ದ ದಿನಕ್ಕೆ ಸಾವಿರದ ಚಿಲ್ಲರೆ ಭತ್ಯೆ. ಈಗ ಆ ಪಂಪು ಹದಿನಾಲ್ಕು ತಿಂಗಳಿಂದ ಒಂದೇ ಕಪ್ಲಿಂಗ್ ಸ್ಪೈಡರ್‌ನಲ್ಲಿ (ಮೋಟಾರು, ಪಂಪಿನ ಶಾಫ್ಟ್ ಜೋಡಿಸುವ ಕಪ್ಲಿಂಗ್ ನಡುವಿನ ರಬ್ಬರ್) ಓಡುತ್ತಿದೆ. ಅದಕ್ಕೇ ಬರೆಯುವ ಧೈರ್ಯ ಬಂತು.

ಮೊದಲ ಸ್ಪೈಡರ್ ಒಂಬತ್ತು ದಿನ ಬಾಳಿತು. ಎರಡನೆಯದು ಹದಿನೈದು ದಿನವೋ ಏನೋ. ಮೂರನೆಯದು ಐದೇ ದಿನ. ಬಿಚ್ಚಿದರೆ ಕರಿ ರಬ್ಬರ್ ಪುಡಿ, ಕಾಫಿ ಪುಡಿ ಸುರಿದ ಹಾಗೆ. ಒಂದಕ್ಕೆ ಆರೇಳು ಸಾವಿರ ರೂಪಾಯಿ. ಆದರೆ ಅದು ಮುಂಬೈ ಪಕ್ಕದ ನ್ಹಾವಾದಿಂದ ಸಪ್ಲೈ ಬೋಟಿನಲ್ಲಿ ಬರಬೇಕು. ರಿಗ್ಗಿನ ದಿನದ ಬಾಡಿಗೆ ಹತ್ತಾರು ಲಕ್ಷ. ಇನ್ನೊಂದು ಚಾರ್ಜ್ ಪಂಪ್ ಓಡುತ್ತಿದ್ದರಿಂದ ಡ್ರಿಲ್ಲಿಂಗ್ ನಿಲ್ಲಲಿಲ್ಲ, ಬಚಾವ್. ಇಲ್ಲದಿದ್ದರೆ ಜುಹುಗೆ ಹೋಗುವ ಮುಂದಿನ ಹೆಲಿಕಾಪ್ಟರಿನಲ್ಲೇ ನನ್ನನ್ನು ಕಳಿಸುತ್ತಿದ್ದರು.

ಎಲ್ಲರೂ ಹೇಳಿದ್ದು ಒಂದೇ ಮಾತು: "ಹುಡುಗನಿಗೆ ಡಯಲ್ ಓದಲು ಬರಲ್ಲ." ನನಗೆ ಬರುತ್ತಿತ್ತು. ಎರಡು ಶಾಫ್ಟನ್ನು ಒಂದೇ ಗೆರೆಗೆ ತರುವುದು ಅಲೈನ್‌ಮೆಂಟ್, ಎಷ್ಟು ಆಚೀಚೆ ಇದೆ ಅಂತ ತೋರಿಸುವ ಮುಳ್ಳಿನ ಗೇಜು ಡಯಲ್. ಪ್ರತಿ ಸಲವೂ 0.05 ಎಂಎಂ ಒಳಗೇ ತಂದು ಬಿಟ್ಟಿದ್ದೆ.

ಒಂದು ತಪ್ಪು ಮಾತ್ರ ನನ್ನದೇ. ಸಾಫ್ಟ್ ಫುಟ್, ಅಂದರೆ ಮೋಟಾರಿನ ಯಾವುದಾದರೂ ಕಾಲು ನೆಲಕ್ಕೆ ಸರಿಯಾಗಿ ಕೂರದೆ ಎದ್ದಿದೆಯಾ ಅಂತ ನೋಡದೆ ಶುರು ಮಾಡಿದ್ದೆ. ಆಮೇಲೆ ನೋಡಿದರೆ ಮೋಟಾರಿನ ಹಿಂದಿನ ಬಲಗಾಲು 0.18 ಎದ್ದಿತ್ತು. ಪಂಪು, ಮೋಟಾರು ಕೂತ ಚೌಕಟ್ಟು, ಅಂದರೆ ಸ್ಕಿಡ್ಡನ್ನು ಡೆಕ್ಕಿಗೆ ವೆಲ್ಡ್ ಮಾಡುವಾಗ ಒಂದೇ ಕಡೆಯಿಂದ ಎಳೆದುಬಿಟ್ಟಿದ್ದರು. ಕಾಲಡಿ ಕೊಡುವ ತೆಳು ತಗಡು, ಶಿಮ್, ಮುಗಿದಿತ್ತು. ಕೋಲ್ಡ್ ಡ್ರಿಂಕ್ ಡಬ್ಬಿ ಕತ್ತರಿಸಿ ನೋಡಿದೆ, ಸರಿಯಾಗಿ 0.1 ಬರುತ್ತೆ! ಖುಷಿಯಾಯಿತು. ಮೂರು ವಾರಕ್ಕೆ ಬಿಚ್ಚಿದರೆ ಬಿಳಿ ಪುಡಿ. ಉಪ್ಪುಗಾಳಿ, ಕಬ್ಬಿಣದ ಪಕ್ಕ ಅಲ್ಯೂಮಿನಿಯಂ, ಇನ್ನೇನಾಗುತ್ತೆ? ಸ್ಟೇನ್‌ಲೆಸ್ ಶಿಮ್ ಬರುವವರೆಗೆ ಕಾಯಬೇಕಿತ್ತು.

ಅಸಲಿ ವಿಷಯ ಗೊತ್ತಾಗಿದ್ದು ಸೋಮಾರಿತನದಿಂದ. ಒಂದು ಮಧ್ಯಾಹ್ನ 0.04ಕ್ಕೆ ತಂದು, ಡಯಲನ್ನು ಕಪ್ಲಿಂಗ್ ಮೇಲೇ ಬಿಟ್ಟು ಊಟಕ್ಕೆ ಹೋದೆ. ಊಟ ಮುಗಿಸಿ ಅಲ್ಲೇ ಒಂದು ನಿದ್ದೆಯೂ ಆಯಿತು. ಮೂರು ಗಂಟೆ ಬಿಟ್ಟು ಬಂದರೆ ಮುಳ್ಳು 0.2 ಹತ್ತಿರ ನಿಂತಿದೆ. ಯಾರೂ ಮುಟ್ಟಿಲ್ಲ. ಅಷ್ಟು ಹೊತ್ತಿನಲ್ಲಿ ಆಗಿದ್ದು ಒಂದೇ: ಮೇಲಿನ ಎರಡು ಮಡ್ ಪಿಟ್ (ಮಡ್ ತೊಟ್ಟಿ) ತುಂಬಿದ್ದರು. ಒಂದೊಂದು ಸುಮಾರು 400 ಬ್ಯಾರಲ್. ಲೆಕ್ಕ ಹಾಕಿ, ಎರಡೂ ಸೇರಿ 150 ಟನ್ ಹತ್ತಿರ ಬರುತ್ತೆ.

ರಿಗ್ಗಿಂಗ್ ಫೋರ್‌ಮನ್ ಮಂಗಳೂರು ಕಡೆಯವರು. ಹೇಳಿದರೆ ನಕ್ಕರು: "ಎಂಥ ಮಾರಾಯ್ರೆ, ನಿಮ್ಮ ಪಂಪಿಗೋಸ್ಕರ ಡೆಕ್ ಬಗ್ಗುದಾ?" ಬಗ್ಗುತ್ತೆ. ಆದರೆ ಡೆಕ್ ಒಂದೇ ಬಗ್ಗಿದರೆ ಇಷ್ಟು ಆಗಬಾರದು ಅಂತ ನನಗೂ ಅನುಮಾನ ಇತ್ತು. ಪಂಪಿಗೆ ಮಡ್ ತರುವ ಸಕ್ಷನ್ ಪೈಪಿನ ಫ್ಲೇಂಜ್, ಅಂದರೆ ಜೋಡಣೆಯ ಬಳೆ, ಅದರ ಬೋಲ್ಟ್ ಲೂಸ್ ಮಾಡಿದೆ. ಪೈಪು ಪಕ್ಕಕ್ಕೆ ನಾಲ್ಕು ಎಂಎಂ ಜಿಗಿಯಿತು, ಡಯಲ್ ಕೂಡ ಅದರ ಜೊತೆಗೇ ಹಾರಿತು. ಪೈಪಿಂಗ್‌ನವರು ಚೈನ್ ಪುಲ್ಲಿ ಹಾಕಿ ಎಳೆದು ಬೋಲ್ಟ್ ಹಾಕಿ ಹೋಗಿದ್ದರು. ಪಿಟ್ ಕೂತ ಹಾಗೆಲ್ಲ ಆ ಪೈಪು ಪಂಪನ್ನು ತಳ್ಳುತ್ತಿತ್ತು.

ಸ್ಪೂಲ್, ಅಂದರೆ ಆ ಪೈಪಿನ ತುಂಡನ್ನೇ ಬದಲಿಸೋಣ ಅಂದೆ. ಸೀನಿಯರ್ ಒಪ್ಪಲಿಲ್ಲ. ಎರಡು ದಿನ ವಾದ, ಇನ್ನೆರಡು ದಿನ ಹಾಟ್ ವರ್ಕ್ ಪರ್ಮಿಟ್ಟಿಗೆ (ವೆಲ್ಡಿಂಗ್‌ನಂಥ ಕಿಡಿ ಹಾರುವ ಕೆಲಸಕ್ಕೆ ಅನುಮತಿ). ಕೊನೆಗೆ ಮಾಡಿದ್ದು ಹೀಗೆ. ಪೈಪು ಪೂರ್ತಿ ಬಿಚ್ಚಿ, ಪಿಟ್ ತುಂಬಿಸಿ, ಆಮೇಲೆ ಅಲೈನ್‌ಮೆಂಟ್. ಮೋಟಾರನ್ನು 0.05 ಮೇಲೆ ಇಟ್ಟೆ, ಮಡ್ ಬಿಸಿಗೆ ಪಂಪು ಎದ್ದೇಳುತ್ತೆ ಅಂತ. ಮೋಟಾರೂ ಬಿಸಿಯಾಗುತ್ತೆ, ಜಾಸ್ತಿ ಕೊಡಬೇಡಿ. ಪಂಪು ಕೂತ ಜಾಗಕ್ಕೆ ಫ್ಲೇಂಜ್ ತಂದು ಅಲ್ಲೇ ಟ್ಯಾಕ್, ಅಂದರೆ ಅಲ್ಲಲ್ಲಿ ಚುಕ್ಕಿ ವೆಲ್ಡ್. ಪೂರ್ತಿ ವೆಲ್ಡ್ ಮಾತ್ರ ಮೇಲಿನ ವೆಲ್ಡಿಂಗ್ ಶಾಪ್‌ನಲ್ಲಿ. ಟ್ಯಾಕ್ ಹೊಡೆಯುವಾಗ ಅರ್ತ್ ಕ್ಲಾಂಪು ಪೈಪಿಗೇ ಇರಲಿ. ಹಿಂದೊಮ್ಮೆ ಯಾರೋ ಪಂಪಿನ ಬಾಡಿಗೆ ಸಿಕ್ಕಿಸಿ, ಕರೆಂಟು ಬೇರಿಂಗ್ ಮೂಲಕ ಹರಿದು ಅದು ಹಾಳಾಗಿತ್ತು, ಅದೂ ನನ್ನ ಲೆಕ್ಕಕ್ಕೇ ಬಂತು. ಕೊನೆಗೆ ಫ್ಲೇಂಜ್ ಬಿಗಿ ಮಾಡುವಾಗ ಡಯಲ್ ಮೇಲೆ ಕಣ್ಣಿಟ್ಟೆ. 0.03 ಅಲ್ಲಾಡಿತು, ಅಷ್ಟೇ. ಮೋಟಾರಿನ ಬೋಲ್ಟ್ ಬಿಗಿಯುವಾಗ ರೀಡಿಂಗ್ ಓಡದಂತೆ ನಾನು ಮಾಡುವ ಒಂದು ಸಣ್ಣ ಉಪಾಯ ಇದೆ. ಅದನ್ನು ಇಲ್ಲಿ ಹೇಳಲ್ಲ, ಇನ್ನೂ ಒಂದೆರಡು ಪ್ರಮೋಷನ್ ಬಾಕಿ ಇವೆ.

ಹಾಗಾದರೆ ಪಿಟ್ ಖಾಲಿಯಾದಾಗ? ಅದನ್ನೂ ನೋಡಿದೆ, ಸುಮ್ನೆ ಕುತೂಹಲಕ್ಕೆ. 0.08ರ ತನಕ ಹೋಗುತ್ತೆ. ಸ್ಪೈಡರ್ ತಡೆದುಕೊಳ್ಳುತ್ತೆ. ಪಿಟ್ ಖಾಲಿ ಇರುವುದು ವರ್ಷಕ್ಕೆ ಕೆಲವೇ ದಿನ, ತುಂಬಿರುವಾಗಿನ ಲೆಕ್ಕವೇ ಮುಖ್ಯ. ಒಮ್ಮೆ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಬಿಸಿಲಿನ ವ್ಯತ್ಯಾಸವನ್ನೂ ಅಳೆದೆ. ಪಂಪ್ ರೂಮು ಕೆಳಗಿರುವುದರಿಂದ ಏನೂ ಕಾಣಲಿಲ್ಲ. ನಿದ್ದೆ ಹಾಳಾಯಿತು.

ಮೂರು ಸ್ಪೈಡರ್, ಬೇರಿಂಗ್, ಎರಡು ಸಲದ ಸ್ಪೂಲ್ ಎಲ್ಲ ಸೇರಿ ಒಂದು ಲಕ್ಷದ ಮೇಲೆ ಹೋಗಿರಬೇಕು. ಸ್ಟೋರಿನ ಡಯಲ್ ಮುಳ್ಳು ಅಂಟುತ್ತಿತ್ತು ಅಂತ ನಾನೇ ಮುಂಬೈನಲ್ಲಿ ಒಂದು ಮಿಟುಟೋಯೊ ಕಂಪನಿಯ ಡಯಲ್ ತಗೊಂಡಿದ್ದೆ, ಮ್ಯಾಗ್ನೆಟಿಕ್ ಸ್ಟ್ಯಾಂಡ್ ಸೇರಿ ಏಳು ಸಾವಿರ ಚಿಲ್ಲರೆ. ಅದರ ಬಿಲ್ ಮಾತ್ರ ಇನ್ನೂ ಪಾಸಾಗಿಲ್ಲ.