ಕೀಲಿಯನ್ನು ಕಪಾಟಿನಲ್ಲಿಡಿ

ದಶಕಗಳಿಂದ ನಿಂತಿದ್ದ ಕಾರಿನ ಮೇಲಿನ ಹೊದಿಕೆ ಎಳೆದ ಕೂಡಲೇ ಕೈ ತಾನಾಗಿಯೇ ಕೀಲಿಯತ್ತ ಹೋಗುತ್ತದೆ. ನಾನೂ ಆ ತಪ್ಪು ಮಾಡಿದವನೇ. ನನ್ನ ಮೊದಲ ಎಂಜಿಬಿಗೆ (ಬ್ರಿಟನ್ನಿನ ಹಳೆಯ ಸ್ಪೋರ್ಟ್ಸ್ ಕಾರು) ಹೊಸ ಬ್ಯಾಟರಿ ಕೂರಿಸಿ ಸ್ಟಾರ್ಟ್ ಮಾಡಲು ಹೋದೆ; ತುಕ್ಕಿಗೆ ಕಚ್ಚಿಕೊಂಡಿದ್ದ ಪಿಸ್ಟನ್ ರಿಂಗುಗಳು ಮುರಿದು ಸಿಲಿಂಡರಿನ ಗೋಡೆಯನ್ನೇ ಗೀಚಿದವು. ಒಂದು ವಾರ ಕಾದಿದ್ದರೆ ಉಳಿಯುತ್ತಿದ್ದ ಎಂಜಿನ್ ಅದು. ಎರಡನೆಯ ಎಂಜಿಬಿ 1965ರದ್ದು, ಇಪ್ಪತ್ತೇಳು ವರ್ಷ ಕದಲದೆ ನಿಂತಿತ್ತು. ಅದರ ಕೀಲಿಯನ್ನು ಕಪಾಟಿನೊಳಗಿಟ್ಟೇ ಕೆಲಸಕ್ಕಿಳಿದೆ.

ಎಂಜಿನ್ನಿಗಿಂತ ಮೊದಲು ಕಾರನ್ನು ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ ಕೆಳಗೆ ಮಲಗಿ. ಎಂಜಿಬಿಗೆ ಪ್ರತ್ಯೇಕ ಚಾಸಿಸ್, ಅಂದರೆ ಅಡಿಚೌಕಟ್ಟು, ಇಲ್ಲ. ಬಾಗಿಲ ಕೆಳಗಿನ ಉದ್ದನೆಯ ಸಿಲ್‌ಗಳೇ ಅದರ ಬೆನ್ನೆಲುಬು. ಸ್ಕ್ರೂಡ್ರೈವರಿನ ಹಿಡಿಯಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಲೋಹ ಠಣ್ ಎನ್ನುತ್ತದೆ, ತುಕ್ಕು ತಿಂದದ್ದು ಒದ್ದೆ ಹಲಗೆಯ ಹಾಗೆ ದಬ್ ಎನ್ನುತ್ತದೆ. ಅಯಸ್ಕಾಂತ ಅಂಟದ ಕಡೆ ಯಾರೋ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದಾರೆ. ಜಾಕ್ ಕೊಟ್ಟು ಎತ್ತಿದಾಗ ಬಾಗಿಲಿನ ಸಂದು ಕಿರಿದಾದರೆ ಸಿಲ್ ಸೋತಿದೆ ಎಂದರ್ಥ; ವೆಲ್ಡಿಂಗ್ ಮುಗಿಯುವ ತನಕ ಬೇರೆ ಯಾವುದಕ್ಕೂ ಹಣ ಸುರಿಯಬೇಡಿ. ಸೀಟು, ಕ್ರೋಮ್ ಎಲ್ಲ ಆಮೇಲೆ.

ಇನ್ನು 1798 ಸಿಸಿ ಎಂಜಿನ್. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಎಣ್ಣೆಯನ್ನೂ ಅಸಿಟೋನನ್ನೂ ಸಮಪಾಲಾಗಿ ಬೆರೆಸಿ, ಒಂದೊಂದು ರಂಧ್ರಕ್ಕೂ ಎರಡು ಚಮಚ ಬಿಡಿ. ಅಸಿಟೋನ್ ಬೇಗ ಹೊತ್ತಿಕೊಳ್ಳುತ್ತದೆ, ಕಿಟಕಿ ತೆರೆದಿರಲಿ. ದಿನಕ್ಕೊಮ್ಮೆ ಎಂಜಿನ್ನಿನ ಮುಂಭಾಗದ ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಸ್ಪಾನರ್ ಕೊಟ್ಟು ಮೆಲ್ಲಗೆ ಒತ್ತಿ ನೋಡಿ, ಜಗ್ಗಾಡಬೇಡಿ. ಆರನೆಯ ದಿನ ನನ್ನ ಸ್ಪಾನರ್ ಒಂದು ಕೂದಲೆಳೆಯಷ್ಟು ಸರಿಯಿತು, ಮೂರನೆಯ ರಂಧ್ರದಿಂದ ಕಾಫಿ ಬಣ್ಣದ ಎಣ್ಣೆ ಗುಳುಗುಳು ಉಕ್ಕಿತು. ಹಾಗೆ ಸರಿದದ್ದೇ ನಿಲ್ಲಿಸಿ, ಎಂಜಿನ್ನಿನ ಮೇಲಿನ ಮುಚ್ಚಳ (ರಾಕರ್ ಕವರ್) ತೆಗೆದು ಎಂಟೂ ವಾಲ್ವ್‌ಗಳು ಏರಿಳಿಯುತ್ತವೆಯೇ ನೋಡಿದೆ. ಕಚ್ಚಿಕೊಂಡ ವಾಲ್ವ್ ಒಂದಿದ್ದರೂ ಅದನ್ನು ತಳ್ಳುವ ಕಡ್ಡಿ, ಪುಶ್‌ರಾಡ್, ಬಾಗುತ್ತದೆ.

ಆಯಿಲ್, ಫಿಲ್ಟರ್ ಹೊಸದು ಹಾಕಿ. ಪ್ಲಗ್‌ಗಳಿಲ್ಲದೆಯೇ ಸ್ಟಾರ್ಟರ್ ಮೋಟಾರಿನಿಂದ ತಿರುಗಿಸಿ, ಆಯಿಲ್ ಪ್ರೆಷರ್ ಮೀಟರಿನ ಮುಳ್ಳು ಏಳುವ ತನಕ ಪೆಟ್ರೋಲಿನ ಮಾತೇ ಬೇಡ. ಇಲ್ಲೊಂದು ಬಲೆಯಿದೆ: 1967ಕ್ಕಿಂತ ಹಿಂದಿನ ಎಂಜಿಬಿಯಲ್ಲಿ ಬ್ಯಾಟರಿಯ ಧನ ಧ್ರುವವೇ ಕಾರಿನ ಲೋಹದ ಮೈಗೆ ಸೇರಿರುತ್ತದೆ. ರೂಢಿಬಲದಲ್ಲಿ ಅಲ್ಲಿಗೆ ಋಣ ಧ್ರುವ ಕಟ್ಟಿದರೆ ಬ್ಯಾಟರಿಗೆ ವಿದ್ಯುತ್ ತುಂಬುವ ಡೈನಮೊ ಉಲ್ಟಾ ಹೊಡೆಯುತ್ತದೆ. ಸೀಟಿನ ಹಿಂದೆ ಒಂದರ ಬದಲು 6 ವೋಲ್ಟಿನ ಎರಡು ಬ್ಯಾಟರಿಗಳಿರುವುದು ಕಂಡರೆ ಗಾಬರಿಯಾಗಬೇಡಿ, ಅದು ಮೂಲದಲ್ಲೇ ಹಾಗಿದೆ.

ಟ್ಯಾಂಕಿನ ಹಳೆಯ ಪೆಟ್ರೋಲ್ ವಾರ್ನಿಶ್‌ನಂತೆ ನಾರುತ್ತದೆ. ಪೂರ್ತಿ ಬಸಿದು ರಬ್ಬರ್ ಕೊಳವೆಗಳನ್ನೆಲ್ಲ ಈಗಿನ ಪೆಟ್ರೋಲಿನ ಎಥನಾಲ್ ತಾಳುವಂಥವಕ್ಕೆ ಬದಲಾಯಿಸಿ. ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಜೋಡಿ ಎಸ್‌ಯು ಕಾರ್ಬ್ಯುರೇಟರುಗಳ ಒಳಗಿನ ಪಿಸ್ಟನ್ನನ್ನು ಬೆರಳಿಂದ ಎತ್ತಿ ಬಿಟ್ಟಾಗ ಟಕ್ ಎಂದು ಬೀಳಬೇಕು, ತೇಲುತ್ತಾ ಇಳಿಯಬಾರದು.

ಬ್ರೇಕಿನಲ್ಲಿ ಮಾತ್ರ ಜಿಪುಣತನ ಸಲ್ಲದು. ಬ್ರೇಕ್ ದ್ರವ ಗಾಳಿಯ ತೇವ ಹೀರಿಕೊಂಡು ಒಳಗಿನಿಂದಲೇ ತುಕ್ಕು ತರಿಸುತ್ತದೆ. ಹೊರಗೆ ಚೆನ್ನಾಗಿಯೇ ಕಾಣುವ ರಬ್ಬರ್ ಹೋಸ್ ಒಳಗೆ ಊದಿಕೊಂಡಿದ್ದರೆ, ಪೆಡಲ್ ಬಿಟ್ಟರೂ ಬ್ರೇಕ್ ಬಿಡುವುದಿಲ್ಲ. ಹೋಸ್, ಸೀಲ್, ಸಿಲಿಂಡರ್ ಎಲ್ಲವೂ ಹೊಸದಿರಲಿ. ಟೈರೂ ಅಷ್ಟೇ: ತಯಾರಿಕೆಯ ಸಂಕೇತದಲ್ಲಿ ನಾಲ್ಕರ ಬದಲು ಮೂರೇ ಅಂಕಿಗಳಿದ್ದರೆ ಅದು 2000ಕ್ಕಿಂತ ಹಿಂದಿನದು, ಪಟ್ಟೆ ಎಷ್ಟೇ ಆಳವಿದ್ದರೂ ಎಸೆಯಿರಿ.

ಏಳನೆಯ ತಿಂಗಳು ಕಪಾಟಿನಿಂದ ಕೀಲಿ ತೆಗೆದೆ. ಎಂಜಿನ್ ಮೂರನೆಯ ಸಲಕ್ಕೆ ಹೊತ್ತಿಕೊಂಡಿತು; ಹಿಂದಿನ ಕೊಳವೆಯಿಂದ ಒಂದು ಇಲಿ ಗೂಡಿನಷ್ಟು ಹುಲ್ಲು ಹಾರಿ ನನ್ನ ಅಂಗಳದ ತುಂಬ ಚೆಲ್ಲಿತು. ಸೈಲೆನ್ಸರ್ ಇಣುಕಿ ನೋಡುವುದನ್ನು ಮರೆತಿದ್ದೆ.