ಎಐ ಹೆಣೆಯುವ ಸುಳ್ಳನ್ನು ಹಿಡಿಯುವುದು ಹೇಗೆ?

2023ರಲ್ಲಿ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯವೊಂದು ಇಬ್ಬರು ವಕೀಲರಿಗೂ ಅವರ ಸಂಸ್ಥೆಗೂ ಸೇರಿಸಿ 5,000 ಡಾಲರ್ ದಂಡ ಹಾಕಿತು. ಚಾಟ್‌ಜಿಪಿಟಿ ಹೇಳಿದ, ಎಲ್ಲೂ ಇರದ ತೀರ್ಪುಗಳನ್ನು ಅವರು ನ್ಯಾಯಾಲಯಕ್ಕೆ ಕೊಟ್ಟಿದ್ದರು. ಇವು ನಿಜವೇ ಎಂದು ಅದನ್ನೇ ಕೇಳಿದ್ದೂ ಆಗಿತ್ತು. ನಿಜ ಎಂದೇ ಅದು ಉತ್ತರಿಸಿತ್ತು.

ಚಾಟ್‌ಜಿಪಿಟಿಯಂಥ ಭಾಷಾ ಮಾಡೆಲ್ ಮಾಡುವ ಕೆಲಸ ಮುಂದಿನ ಪದದ ತುಣುಕನ್ನು ಊಹಿಸುವುದು. ತೀರ್ಪಿನ ಹೆಸರು, ಇಸವಿ, ಪುಟಸಂಖ್ಯೆ ಹೇಗೆ ಕಾಣುತ್ತವೆ ಎಂಬುದು ಅದಕ್ಕೆ ಚೆನ್ನಾಗಿ ಗೊತ್ತು. ಹಾಗಾಗಿ ಗೊತ್ತಿಲ್ಲದ ಕಡೆಯೂ ಅದೇ ಧಾಟಿಯಲ್ಲಿ ತುಂಬಿಬಿಡುತ್ತದೆ. “ಖಚಿತವೇ?” ಎಂದು ಕೇಳಿದರೆ ಬರುವುದೂ ಇನ್ನೊಂದು ಊಹೆಯೇ, ಸರಿಯಿದ್ದ ಉತ್ತರವನ್ನೂ ಅದು ಬದಲಿಸಿಬಿಡಬಹುದು.

ಮೊದಲ ಕೆಲಸ, ಮೂಲ ಪಠ್ಯವನ್ನು ನೀವೇ ಕೊಡುವುದು. ಕನ್ನಡದಲ್ಲಿ ಎಡವುವುದು ಇಲ್ಲೇ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟಿನ ಪಿಡಿಎಫ್‌ನಿಂದ ನಕಲಿಸಿದರೆ ಅಕ್ಷರಗಳ ಬದಲು ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಅದನ್ನು ಓದಲಾಗದ ಮಾಡೆಲ್ ಶೀರ್ಷಿಕೆ ನೋಡಿಯೇ ಒಳಗಿನ ವಿಷಯವನ್ನು ಕಲ್ಪಿಸಿಕೊಳ್ಳಬಹುದು. ಮೊದಲು ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರ್‌ಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತಕ್ಕೆ) ಪರಿವರ್ತಿಸಿ, ಒಂದು ಪುಟವನ್ನಾದರೂ ಕಣ್ಣಾರೆ ಓದಿ. ಉದ್ದದ ಕಡತವಾದರೆ ಸಂಬಂಧಪಟ್ಟ ಅಧ್ಯಾಯವನ್ನಷ್ಟೇ ಕೊಡಿ. ನಡುವಿನ ಪುಟಗಳಲ್ಲಿರುವುದು ಕೈತಪ್ಪುವುದು ಹೆಚ್ಚು.

ಪಠ್ಯದ ಜೊತೆಗೆ ಹೀಗೆ ಬರೆಯಿರಿ: “ಈ ಪಠ್ಯದಲ್ಲಿರುವುದನ್ನಷ್ಟೇ ಹೇಳು. ಪ್ರತಿ ಉತ್ತರದ ಕೆಳಗೆ ಆಧಾರವಾದ ವಾಕ್ಯವನ್ನು ಒಂದಕ್ಷರವೂ ಬದಲಿಸದೆ ಕೊಡು. ಇಲ್ಲಿ ಇಲ್ಲದಿದ್ದರೆ ‘ಇದರಲ್ಲಿ ಇಲ್ಲ’ ಎನ್ನು.” ಕೊನೆಯ ಸಾಲನ್ನು ಬಿಡಲೇಬೇಡಿ.

ಕೊಟ್ಟ ವಾಕ್ಯದ ಮೂರ್ನಾಲ್ಕು ಪದಗಳನ್ನು ಮೂಲದಲ್ಲಿ ಹುಡುಕಿ. ಸಿಗದಿದ್ದರೆ ಅದೇ ವಾಕ್ಯದ ಬೇರೆ ಪದಗಳನ್ನು ಹಾಕಿ ನೋಡಿ. ಆಗಲೂ ಸಿಗದಿದ್ದರೆ ಆ ಉತ್ತರವನ್ನು ಬಿಡಿ. ಸಿಕ್ಕರೆ ಹಿಂದುಮುಂದಿನ ಸಾಲುಗಳನ್ನೂ ಓದಿ. ವಾಕ್ಯ ನಿಜವಿದ್ದು, ಪಕ್ಕದ “ಹೊರತುಪಡಿಸಿ” ಎಂಬ ಷರತ್ತು ಉತ್ತರದಲ್ಲಿ ಮಾಯವಾಗಿರುವುದುಂಟು.

ಪ್ರಶ್ನೆಯಲ್ಲೂ ಬಲೆ ಇರಬಾರದು. “ತಿದ್ದುಪಡಿಯಲ್ಲಿ ಏನು ಬದಲಾಯಿತು?” ಎಂದರೆ ಆಗದ ತಿದ್ದುಪಡಿಗೂ ವಿವರ ಹುಟ್ಟಿಕೊಳ್ಳಬಹುದು. “ತಿದ್ದುಪಡಿ ಆಗಿದೆಯೇ?” ಎಂದು ಕೇಳಿ.

ಮೂಲ ಕೈಯಲ್ಲಿ ಇಲ್ಲವೇ? ಅದೇ ಪ್ರಶ್ನೆಯನ್ನು ಐದು ಹೊಸ ಚಾಟ್‌ಗಳಲ್ಲಿ ಕೇಳಿ, ಹೆಸರು, ಇಸವಿ, ಅಂಕಿಗಳನ್ನು ಹೋಲಿಸಿ. ಒಂದೊಂದು ಸಲ ಒಂದೊಂದು ಬಂದರೆ ಅದು ಊಹೆ. ಐದೂ ಒಂದೇ ಆಗಿದ್ದರೂ ಸತ್ಯವೆಂದು ನಂಬುವಂತಿಲ್ಲ. ಜಾಲತಾಣಗಳಲ್ಲಿ ಹಬ್ಬಿರುವ ತಪ್ಪನ್ನು ಮಾಡೆಲ್ ಐದು ಸಲವೂ ಒಪ್ಪಿಸಬಹುದು. ಎಪಿಐ (ತಮ್ಮ ಪ್ರೋಗ್ರಾಂನಿಂದ ಮಾಡೆಲ್‌ಗೆ ನೇರ ಸಂಪರ್ಕ) ಬಳಸುವವರು, ಉತ್ತರ ಎಷ್ಟು ಬದಲಾಗಬಹುದು ಎಂದು ನಿಯಂತ್ರಿಸುವ ‘ಟೆಂಪರೇಚರ್’ ಅನ್ನು 0 ಇಟ್ಟರೂ ಅಷ್ಟೇ: ಉತ್ತರ ಬದಲಾಗುವುದು ಕಡಿಮೆಯಾಗುತ್ತದೆ, ತಪ್ಪು ಹಾಗೇ ಉಳಿಯುತ್ತದೆ.